ಆನ್‌ಲೈನ್ ಡಾಕ್ಟರು, ವಾರಕ್ಕೊಂದು ಸೂಜಿ: ತೂಕ ಇಳಿಸುವ ಬಗ್ಗೆ ನನ್ನನ್ನು ಪದೇ ಪದೇ ಕೇಳಿದ ಪ್ರಶ್ನೆಗಳು

ನನ್ನ ಮನೆ ಕುಮಟಾ, ಕೆಲಸ ಶಿರಸಿಯ ಒಂದು ಶಾಲೆಯಲ್ಲಿ. ವಾರಕ್ಕೊಂದು ತೂಕ ಇಳಿಸುವ ಸೂಜಿ ತೆಗೆದುಕೊಂಡು, ಹೆಚ್ಚಾಗಿ ಆನ್‌ಲೈನ್‌ನಲ್ಲೇ ಡಾಕ್ಟರನ್ನು ಕಂಡು, ಹತ್ತು ತಿಂಗಳಲ್ಲಿ 84 ಕೆಜಿಯಿಂದ 74ಕ್ಕೆ ಇಳಿದೆ. ಇಷ್ಟು ಇಳಿದರೆ ನೋಡಿದವರಿಗೆ ಗೊತ್ತಾಗಿಯೇ ಆಗುತ್ತದೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು, "ಏನ್ ಮಾಡಿದ್ರಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವಾಗ ಏನೋ ಒಂದು ಬಿಟ್ಟು ಹೋಗುತ್ತದೆ, ಬಿಟ್ಟು ಹೋದದ್ದೇ ಮುಖ್ಯವಾದದ್ದಾಗಿರುತ್ತದೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಆರು ವರ್ಷದಿಂದ ಶುಗರ್ ಇರುವವಳು, ಈ ದಾರಿಯಲ್ಲಿ ಒಂದು ಸಲ ಜೋರಾಗಿ ಪೆಟ್ಟು ತಿಂದವಳು.

ನೇರವಾಗಿ ಹೇಳಿ, ಆನ್‌ಲೈನ್‌ನಲ್ಲಿ ಚಿಕಿತ್ಸೆ ತೆಗೆದುಕೊಳ್ಳಬಹುದಾ, ಬೇಡವಾ?

ತೆಗೆದುಕೊಳ್ಳಬಹುದು. ಆದರೆ ಮೊದಲ ಭೇಟಿ ಎದುರಾಎದುರು ಆಗಲಿ, ಆಮೇಲಿನದು ಫೋನಿನಲ್ಲಿ ನಡೆಯಲಿ. ಇದು ನನ್ನ ಅಭಿಪ್ರಾಯ, ಇದನ್ನು ಬದಲಾಯಿಸುವ ಕಾರಣ ನನಗೆ ಇಲ್ಲಿಯವರೆಗೆ ಸಿಕ್ಕಿಲ್ಲ. ಒಂದು ಸಲ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಿ, ಹೊಟ್ಟೆ ಮುಟ್ಟಿ ನೋಡಿಸಿಕೊಂಡು, ರಕ್ತ ಕೊಟ್ಟು ಬನ್ನಿ. ಆಮೇಲೆ ತಿಂಗಳಿಗೊಂದು ಸಲ ಹತ್ತು ನಿಮಿಷದ ಮಾತಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಅಲ್ಲಿ ಆನ್‌ಲೈನ್ ನಿಜವಾಗಿಯೂ ಉಪಕಾರ ಮಾಡುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆ ಕೂಗಿದ್ದಾರೆ. ಹಾರ್ಮೋನಿನ ಡಾಕ್ಟರನ್ನು ಕಾಣಲು ಘಟ್ಟ ಹತ್ತಿ ಇಳಿದು ಒಂದು ದಿನ ರಜೆ ಹಾಕುವವರ ಕಷ್ಟ ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ.

ಫೋನಿನಲ್ಲಿ ನೋಡಿ ಔಷಧಿ ಬರೆಯುವುದು ಕಾನೂನಿಗೆ ಸರಿಯಾ?

ಸರಿ. 2020ರ ಮಾರ್ಚ್ 25ರಂದು, ಕೊರೊನಾ ಶುರುವಾದ ಹೊತ್ತಿನಲ್ಲಿ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮ ತಂದಿತು. ನೋಂದಣಿ ಇರುವ ಡಾಕ್ಟರು ದೇಶದ ಯಾವ ಊರಿನಲ್ಲಿ ಕೂತೂ ನಿಮ್ಮನ್ನು ನೋಡಬಹುದು. ಆದರೆ ಷರತ್ತುಗಳಿವೆ. ಡಾಕ್ಟರು ತಮ್ಮ ಹೆಸರು ಹೇಳಬೇಕು, ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು. ನಿಮ್ಮ ಹೆಸರು, ವಯಸ್ಸು ಖಚಿತ ಮಾಡಿಕೊಳ್ಳಬೇಕು. ಚೀಟಿ ಬೇಕಾಗುವ ಔಷಧಿಯನ್ನು ಮೊದಲ ಸಲ ಬರೆಯುವುದಾದರೆ ವಿಡಿಯೊದಲ್ಲಿ ಮುಖ ನೋಡಿ ಮಾತಾಡಬೇಕು, ಬರೀ ಚಾಟ್‌ನಲ್ಲಿ ಮುಗಿಸುವ ಹಾಗಿಲ್ಲ. ಕಂಪ್ಯೂಟರಿನ ಕೃತಕ ಬುದ್ಧಿ ತಾನೇ ಔಷಧಿ ಬರೆದು ಕೊಡುವಂತಿಲ್ಲ. ಎದುರಿಗೇ ನೋಡಬೇಕು ಅಂತ ಡಾಕ್ಟರಿಗೆ ಅನಿಸಿದರೆ ಅದನ್ನು ಹೇಳುವುದು ಅವರ ಕರ್ತವ್ಯ. ನಿಮ್ಮ ಆನ್‌ಲೈನ್ ಡಾಕ್ಟರು "ಇದನ್ನು ನಾನು ಫೋನಿನಲ್ಲಿ ಮಾಡುವುದಿಲ್ಲ, ಆಸ್ಪತ್ರೆಗೆ ಹೋಗಿ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅಂಥವರನ್ನು ಬಿಡಬೇಡಿ.

ನೋಂದಣಿ ಸಂಖ್ಯೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಐದು ನಿಮಿಷದ ಕೆಲಸ.

"ಪ್ರೋಗ್ರಾಂ" ಅಂತಾರಲ್ಲ, ಅದರಲ್ಲಿ ಏನೇನು ಇರುತ್ತದೆ?

ಹೆಚ್ಚಿನ ಕಡೆ ಹೀಗೆ. ಒಂದು ಫಾರ್ಮ್ ತುಂಬಿಸುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ, ಅಥವಾ ಮಾಡಿಸಬೇಕು. ಡಾಕ್ಟರು ಮಾತಾಡುತ್ತಾರೆ, ಚೀಟಿ ಕೊಡುತ್ತಾರೆ. ಊಟದ ಬಗ್ಗೆ ಹೇಳಲು ಡಯಟಿಷಿಯನ್ ಇರುತ್ತಾರೆ, ದಿನಾ ವಾಟ್ಸಾಪ್‌ನಲ್ಲಿ ವಿಚಾರಿಸಲು ಒಬ್ಬ ಕೋಚ್. ಕೋಚ್ ಅಂದರೆ ಡಾಕ್ಟರಲ್ಲ, ಇದನ್ನು ಮರೆಯಬೇಡಿ. ಎಷ್ಟೇ ಪ್ರೀತಿಯಿಂದ ಮಾತಾಡಿದರೂ ಡೋಸ್ ಜಾಸ್ತಿ ಮಾಡಿ, ಕಡಿಮೆ ಮಾಡಿ ಅಂತ ಹೇಳುವ ಅಧಿಕಾರ ಅವರಿಗಿಲ್ಲ.

ನಿಮಗೆ ಏನೋ ತೊಂದರೆಯಾಗಿತ್ತಂತೆ, ಹೌದಾ?

ಹೌದು. ಇದನ್ನು ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಈ ಬರಹಕ್ಕೆ ಕಾರಣವೇ ಇದು.

2025ರ ಜುಲೈನಲ್ಲಿ ಒಂದು ಆನ್‌ಲೈನ್ ಪ್ರೋಗ್ರಾಂ ಸೇರಿದೆ. ಮೂರು ತಿಂಗಳ ದುಡ್ಡು ಮೊದಲೇ ಕಟ್ಟಿಸಿಕೊಂಡರು. ಫಾರ್ಮ್‌ನಲ್ಲಿ "ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ" ಅಂತ ಒಂದು ಸಾಲು ಇತ್ತು. ನಾನು "ಶುಗರ್ ಗುಳಿಗೆ" ಅಂತ ಬರೆದೆ. ಯಾವ ಗುಳಿಗೆ ಅಂತ ಯಾರೂ ಕೇಳಲಿಲ್ಲ. ವಿಡಿಯೊದಲ್ಲಿ ಬಂದ ಡಾಕ್ಟರು ನಾಲ್ಕು ನಿಮಿಷ ಮಾತಾಡಿದರು, ತೂಕ ಕೇಳಿದರು, ಎತ್ತರ ಕೇಳಿದರು, ಟಿರ್ಜೆಪಟೈಡ್ ಅನ್ನುವ ವಾರಕ್ಕೊಂದು ಸೂಜಿ ಬರೆದರು. ನನ್ನ ಗುಳಿಗೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇತ್ತು. ಗ್ಲಿಮೆಪಿರೈಡ್ ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಹೊರಗೆ ಹಾಕಿಸುತ್ತಲೇ ಇರುತ್ತದೆ. ಈ ಸೂಜಿ ಹಸಿವನ್ನೇ ಕಡಿಮೆ ಮಾಡುತ್ತದೆ. ಎರಡೂ ಸೇರಿದರೆ ಶುಗರ್ ತೀರಾ ಕೆಳಗೆ ಬೀಳಬಹುದು. ಇದು ಯಾವ ಗುಟ್ಟೂ ಅಲ್ಲ, ಔಷಧಿ ಡಬ್ಬಿಯೊಳಗಿನ ಹಾಳೆಯಲ್ಲೇ ಬರೆದಿರುತ್ತದೆ.

ಡೋಸ್ 5 ಮಿಲಿಗ್ರಾಂಗೆ ಏರಿಸಿದ ಎರಡನೇ ವಾರ, ಚೌತಿಗೆ ಮನೆಗೆ ಹೊರಟಿದ್ದೆ. ಬೆಳಿಗ್ಗೆ ಅರ್ಧ ದೋಸೆ ತಿಂದಿದ್ದೆ ಅಷ್ಟೇ, ಗುಳಿಗೆ ಮಾತ್ರ ತಪ್ಪದೆ ನುಂಗಿದ್ದೆ. ಘಟ್ಟ ಇಳಿಯುವಾಗ ಕೈ ನಡುಗಲು ಶುರುವಾಯಿತು. ತಿರುವಿಗೆ ತಲೆ ಸುತ್ತುತ್ತಿದೆ ಅಂದುಕೊಂಡೆ. ಬೆವರು ಸೀರೆ ಒದ್ದೆಯಾಗುವಷ್ಟು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ, ಗುರುತಿಲ್ಲದ ಒಬ್ಬ ಅಮ್ಮ ನನ್ನ ಮುಖ ನೋಡಿ "ತಂಗಿ, ನಿಂಗೆ ಶುಗರ್ ಇದ್ದಾ?" ಅಂತ ಕೇಳಿದರು. ಅವರ ಗಂಡನಿಗೂ ಹೀಗೇ ಆಗುತ್ತಿತ್ತಂತೆ. ಮಗಳ ಮನೆಗೆ ಒಯ್ಯುತ್ತಿದ್ದ ಜೋನಿಬೆಲ್ಲದ ಡಬ್ಬಿ ಬಿಚ್ಚಿ ಬೆರಳಲ್ಲೇ ಎರಡು ಮೂರು ಸಲ ತಿನ್ನಿಸಿದರು. ಕುಮಟಾದಲ್ಲಿ ಇಳಿದು ಪರೀಕ್ಷೆ ಮಾಡಿಸಿದಾಗ, ಅಷ್ಟು ಬೆಲ್ಲ ತಿಂದ ಮೇಲೂ, 68 ಇತ್ತು. 70ಕ್ಕಿಂತ ಕೆಳಗೆ ಹೋದರೆ ಕಡಿಮೆ ಅಂತ ಲೆಕ್ಕ.

ಆ ಪ್ರೋಗ್ರಾಮಿಗೆ ಮೆಸೇಜ್ ಹಾಕಿದೆ. ಕೋಚ್ ಉತ್ತರ ಕೊಟ್ಟರು, "ನೀರು ಜಾಸ್ತಿ ಕುಡಿಯಿರಿ ಮೇಡಂ". ಅವತ್ತೇ ಅದನ್ನು ಬಿಟ್ಟೆ. ಹುಬ್ಬಳ್ಳಿಯಲ್ಲಿ ಒಬ್ಬ ಎಂ.ಡಿ. ಡಾಕ್ಟರನ್ನು ಕಂಡೆ. ಅವರು ಸೂಜಿ ನಿಲ್ಲಿಸಲಿಲ್ಲ, ಗ್ಲಿಮೆಪಿರೈಡ್ ನಿಲ್ಲಿಸಿದರು. ಆಮೇಲಿನ ತಿಂಗಳುಗಳೆಲ್ಲ ಅವರ ಜೊತೆಗೇ, ಹೆಚ್ಚಿನದು ವಿಡಿಯೊದಲ್ಲೇ ನಡೆಯಿತು, ಒಂದು ದಿನವೂ ಹಾಗಾಗಲಿಲ್ಲ. ಔಷಧಿ ಅದೇ, ಫೋನೂ ಅದೇ. ನನ್ನ ಗುಳಿಗೆಯ ಹೆಸರು ಕೇಳುವವರು ಒಬ್ಬರು ಸಿಕ್ಕಿದ್ದರು, ವ್ಯತ್ಯಾಸ ಅಷ್ಟೇ.

ನನ್ನ ತೂಕಕ್ಕೆ ಔಷಧಿ ಬೇಕಾ, ಹೇಗೆ ಗೊತ್ತಾಗುವುದು?

ತೂಕವನ್ನು (ಕೆಜಿ) ಎತ್ತರದಿಂದ (ಮೀಟರ್) ಎರಡು ಸಲ ಭಾಗಿಸಿ. ಬರುವ ಅಂಕಿ ಬಿ.ಎಂ.ಐ. ನನ್ನ ಎತ್ತರ 1.57 ಮೀಟರ್. 84 ಕೆಜಿ ಇದ್ದಾಗ 34, ಈಗ 74ಕ್ಕೆ 30. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಬಿಳಿಯರ ಲೆಕ್ಕಕ್ಕಿಂತ ಇದು ಕಡಿಮೆ, ಯಾಕೆಂದರೆ ನಮ್ಮವರಿಗೆ ಸಣ್ಣ ಮೈಯಲ್ಲೇ ಹೊಟ್ಟೆಯೊಳಗೆ ಕೊಬ್ಬು ಸೇರಿ ಶುಗರ್ ಬರುತ್ತದೆ. ಟೇಪ್ ಹಿಡಿದು ಸೊಂಟವನ್ನೂ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಆದರೆ 25 ದಾಟಿದವರಿಗೆಲ್ಲ ಸೂಜಿ ಅಂತಲ್ಲ. ತೂಕ ಇಳಿಸುವ ಸೂಜಿಗೆ ಒಪ್ಪಿಗೆ ಇರುವುದು ಬಿ.ಎಂ.ಐ. 30 ಅಥವಾ ಅದಕ್ಕಿಂತ ಜಾಸ್ತಿ ಇರುವವರಿಗೆ, ಇಲ್ಲದಿದ್ದರೆ 27 ದಾಟಿ ಜೊತೆಗೆ ಬಿ.ಪಿ., ಶುಗರ್, ಕೊಲೆಸ್ಟ್ರಾಲ್, ನಿದ್ದೆಯಲ್ಲಿ ಉಸಿರು ಕಟ್ಟುವಂಥ ತೊಂದರೆ ಇರುವವರಿಗೆ. ಮಗಳ ಮದುವೆಗೆ ಮೊದಲು ಐದು ಕೆಜಿ ಇಳಿಸಬೇಕು ಅನ್ನುವವರಿಗೆ ಇದು ಅಲ್ಲ. ಕೇಳಿದ ಕೂಡಲೇ ಬರೆದು ಕೊಡುವವರು ಸಿಕ್ಕರೆ ಆ ಡಾಕ್ಟರ ಬಗ್ಗೆ ಅನುಮಾನ ಪಡಿ.

ಯಾವ ಯಾವ ಔಷಧಿ ಇದೆ ಈಗ?

ಹಳೆಯದು ಆರ್ಲಿಸ್ಟಾಟ್. ಇದು ಗುಳಿಗೆ. ಊಟದ ಜೊತೆ 120 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ತಿಂದ ಕೊಬ್ಬಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ಹೊರಗೆ ಹೋಗುವುದು ಎಣ್ಣೆಯಾಗಿಯೇ, ಕಾಯಿ ಅರೆದು ಹಾಕಿದ ಸಾರು ಉಂಡ ದಿನ ತಡೆಯಲು ಆಗದ ಹಾಗೆ ಬರಬಹುದು. ಎ, ಡಿ, ಇ, ಕೆ ವಿಟಮಿನ್‌ಗಳೂ ಜೊತೆಗೆ ಹೋಗುವುದರಿಂದ ಬೇರೆ ಹೊತ್ತಿನಲ್ಲಿ ವಿಟಮಿನ್ ಗುಳಿಗೆ ತೆಗೆದುಕೊಳ್ಳಬೇಕಾಗುತ್ತದೆ. ತೂಕ ಇಳಿಯುವುದು ಸ್ವಲ್ಪವೇ.

ಹೊಸದು ಸೂಜಿಗಳು. ಟಿರ್ಜೆಪಟೈಡ್, ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಸೆಮಾಗ್ಲುಟೈಡ್, ವೆಗೋವಿ ಹೆಸರಿನಲ್ಲಿ ಅದೇ ವರ್ಷ ಜೂನ್‌ನಲ್ಲಿ. ಸೆಮಾಗ್ಲುಟೈಡ್‌ನ ಗುಳಿಗೆ, ರೈಬೆಲ್ಸಸ್, 2022ರಿಂದಲೇ ಇಲ್ಲಿದೆ, ಆದರೆ ಅದು ಬಂದದ್ದು ಶುಗರ್‌ಗೆ. ಊಟ ಮಾಡಿದಾಗ ನಮ್ಮ ಕರುಳೇ ಜಿ.ಎಲ್.ಪಿ.-1 ಅನ್ನುವ ಹಾರ್ಮೋನ್ ಬಿಡುತ್ತದೆ, ಅದು "ಸಾಕು" ಅಂತ ಮೆದುಳಿಗೆ ಹೇಳುತ್ತದೆ. ಈ ಔಷಧಿಗಳು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ, ವಾರವಿಡೀ ಹೇಳುತ್ತವೆ. ಟಿರ್ಜೆಪಟೈಡ್ ಜಿ.ಐ.ಪಿ. ಅನ್ನುವ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಎರಡನ್ನೂ ಸಣ್ಣ ಡೋಸ್‌ನಿಂದ ಶುರು ಮಾಡುತ್ತಾರೆ. ಸೆಮಾಗ್ಲುಟೈಡ್ 0.25 ಮಿಲಿಗ್ರಾಂ, ಟಿರ್ಜೆಪಟೈಡ್ 2.5 ಮಿಲಿಗ್ರಾಂ. ನಾಲ್ಕು ನಾಲ್ಕು ವಾರಕ್ಕೆ ಒಂದೊಂದು ಮೆಟ್ಟಿಲು. ಬೇಗ ಇಳಿಯಲಿ ಅಂತ ಮೆಟ್ಟಿಲು ಹಾರಬೇಡಿ. ಏರಿಸಲೇಬೇಕು ಅಂತಲೂ ಇಲ್ಲ, ಸಣ್ಣ ಡೋಸ್‌ನಲ್ಲೇ ಇಳಿಯುತ್ತಿದ್ದರೆ ಅಲ್ಲೇ ನಿಲ್ಲಬಹುದು.

ಮೆಟ್‌ಫಾರ್ಮಿನ್ ನುಂಗಿದರೆ ತೂಕ ಇಳಿಯುತ್ತದಂತೆ?

ಸ್ವಲ್ಪ ಇಳಿಯಬಹುದು. ಅದು ತೂಕದ ಔಷಧಿ ಅಲ್ಲ. ಥೈರಾಯ್ಡ್ ಸರಿ ಇರುವವರು ಸಣ್ಣಗಾಗಲು ಥೈರಾಯ್ಡ್ ಗುಳಿಗೆ ನುಂಗುವುದಂತೂ ಹೃದಯಕ್ಕೆ ಅಪಾಯ, ಅದನ್ನು ಮಾಡಲೇಬೇಡಿ.

ಎಷ್ಟು ಇಳಿಯುತ್ತದೆ?

ಜಾಹೀರಾತು ಬಿಡಿ, ಪರೀಕ್ಷೆಗಳಲ್ಲಿ ಕಂಡದ್ದು ಹೇಳುತ್ತೇನೆ. ಸೆಮಾಗ್ಲುಟೈಡ್ 2.4 ಮಿಲಿಗ್ರಾಂ ತೆಗೆದುಕೊಂಡವರಿಗೆ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು. ಟಿರ್ಜೆಪಟೈಡ್‌ನ ದೊಡ್ಡ ಡೋಸ್‌ನಲ್ಲಿ 72 ವಾರಕ್ಕೆ ಶೇ. 20ರ ಹತ್ತಿರ ಹೋಯಿತು. ಇದು ಶುಗರ್ ಇಲ್ಲದವರ ಲೆಕ್ಕ. ಶುಗರ್ ಇರುವವರಿಗೆ ಇಳಿಯುವುದು ಕಡಿಮೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಮೇಲೆ "ನನಗೆ ಮಾತ್ರ ಯಾಕೆ ಕಡಿಮೆ" ಅಂತ ಸುಮ್ನೆ ಮನಸ್ಸು ಕೆಡಿಸಿಕೊಳ್ಳುತ್ತೇವೆ. ನನಗೆ ಹತ್ತು ತಿಂಗಳಲ್ಲಿ ಶೇ. 12. ನನ್ನ ಡಾಕ್ಟರಿಗೆ ಇದು ಖುಷಿಯ ಅಂಕಿ. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಶಾಲೆಯ ಮಹಡಿ ಹತ್ತುವಾಗ ಮಂಡಿ ಹಿಡಿದುಕೊಳ್ಳದೆ ಇರುವುದು.

ಸೂಜಿ ನೋವಾಗುತ್ತದಾ?

ಇಲ್ಲ. ಹೊಟ್ಟೆಗೋ ತೊಡೆಗೋ ಚರ್ಮದ ಕೆಳಗೆ ಚುಚ್ಚುವ ಕೂದಲಿನಂಥ ಸೂಜಿ. ಇರುವೆ ಕಚ್ಚಿದ ಹಾಗೆ. ಪ್ರತಿ ವಾರ ಜಾಗ ಬದಲಾಯಿಸಿ.

ಏನೇನು ತೊಂದರೆ ಆಗಬಹುದು?

ಹೊಟ್ಟೆ ತೊಳಸುವುದು, ವಾಂತಿ, ಮಲಬದ್ಧತೆ, ಕೆಲವರಿಗೆ ಭೇದಿ. ಡೋಸ್ ಏರಿಸಿದ ವಾರ ಜಾಸ್ತಿ, ಆಮೇಲೆ ಕಡಿಮೆಯಾಗುತ್ತದೆ. ನನಗೆ ಕರಿದ ಬಂಗಡೆಯ ವಾಸನೆಯೇ ಒಂದು ತಿಂಗಳು ಆಗುತ್ತಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಬೇಗ ಬೇಗ ತೂಕ ಇಳಿದರೆ ಅದು ಹೇಗೂ ಹೆಚ್ಚು. ಅಪರೂಪಕ್ಕೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಅದು ದೊಡ್ಡ ಅಪಾಯ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕೂತಲ್ಲೇ ಬೆವರು ಸುರಿಯುತ್ತದೆ. ಅದರ ಜೊತೆ ವಾಂತಿಯೋ ಭೇದಿಯೋ ಸೇರಿ, ಬಾಯಾರಿಕೆಯೂ ಕಡಿಮೆಯಾದರೆ ಮೈಯಲ್ಲಿ ನೀರು ಬತ್ತಿ ಕಿಡ್ನಿಗೆ ಪೆಟ್ಟು ಬೀಳಬಹುದು. ಬಾಯಾರಲಿ ಅಂತ ಕಾಯಬೇಡಿ, ಗಂಟೆ ನೋಡಿ ಕುಡಿಯಿರಿ. ಸಕ್ಕರೆ ಹಾಕದ ಮುರುಗಲ ನೀರು, ತೆಳು ಮಜ್ಜಿಗೆ, ಅಪ್ಪೆಹುಳಿ ಎಲ್ಲ ಒಳ್ಳೆಯದೇ, ಬಿ.ಪಿ. ಇರುವವರು ಉಪ್ಪು ನೋಡಿಕೊಳ್ಳಿ.

ಯಾವಾಗ ಫೋನ್ ಇಟ್ಟು ಆಸ್ಪತ್ರೆಗೆ ಓಡಬೇಕು?

ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹೋದರೆ. ಕುಡಿದ ನೀರೂ ನಿಲ್ಲದ ಹಾಗೆ ವಾಂತಿಯಾದರೆ. ಮೂತ್ರ ತೀರಾ ಕಡಿಮೆಯಾದರೆ. ಕಣ್ಣು ಹಳದಿಯಾದರೆ, ದೃಷ್ಟಿ ಇದ್ದಕ್ಕಿದ್ದ ಹಾಗೆ ಮಂಜಾದರೆ. ಶುಗರ್ ಇಳಿದು ನಡುಕ ಬಂದರೆ ಮೊದಲು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಪರೀಕ್ಷೆ ಮಾಡಿ, ಏರದಿದ್ದರೆ ಮತ್ತೆ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇಂಥ ಹೊತ್ತಿನಲ್ಲಿ ಆ್ಯಪ್‌ನಲ್ಲಿ ಅಪಾಯಿಂಟ್‌ಮೆಂಟ್ ಹುಡುಕುತ್ತಾ ಕೂರಬೇಡಿ. ಕಾರವಾರದಲ್ಲಿ ಕ್ರಿಮ್ಸ್ ಸರ್ಕಾರಿ ಆಸ್ಪತ್ರೆ, ಉಳಿದ ಕಡೆ ನಿಮ್ಮ ತಾಲೂಕಾಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. "ವಾರಕ್ಕೊಮ್ಮೆ ತೂಕದ ಸೂಜಿ ತೆಗೆದುಕೊಳ್ಳುತ್ತಿದ್ದೇನೆ" ಅಂತ ಮೊದಲ ಮಾತಿಗೇ ಹೇಳಿ. ನಾಚಿಕೊಂಡು ಮುಚ್ಚಿಟ್ಟರೆ ಅವರಿಗೆ ಕಾರಣ ಹುಡುಕುವುದೇ ಕಷ್ಟ.

ಯಾವುದಾದರೂ ಆಪರೇಷನ್ ಇದ್ದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ಹೇಳಲೇಬೇಕು. ಈ ಔಷಧಿಯಲ್ಲಿ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಉಪವಾಸ ಇದ್ದರೂ ಒಳಗೆ ಅನ್ನ ಉಳಿದಿರಬಹುದು.

ಯಾರು ತೆಗೆದುಕೊಳ್ಳಲೇಬಾರದು?

ತಮಗೋ ಮನೆಯವರಿಗೋ ಮೆಡುಲ್ಲರಿ ಅನ್ನುವ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದವರು, ಎಂ.ಇ.ಎನ್.-2 ಅನ್ನುವ ವಂಶದ ಕಾಯಿಲೆ ಇರುವವರು. ಸಾಮಾನ್ಯ ಥೈರಾಯ್ಡ್ ಗುಳಿಗೆ ನುಂಗುವವರಿಗೆ ಇದು ಅನ್ವಯಿಸುವುದಿಲ್ಲ, ಈ ಎರಡನ್ನು ಸೇರಿಸಿ ಹೆದರುವವರು ಬಹಳ. ಮೇದೋಜೀರಕದ ತೊಂದರೆ ಹಿಂದೆ ಆಗಿದ್ದವರು ಡಾಕ್ಟರಿಗೆ ಹೇಳಬೇಕು.

ಬಸುರಿಯರು, ಹಾಲೂಡಿಸುವವರಿಗೆ ಬೇಡ. ಮಗು ಬೇಕು ಅಂತ ಯೋಚಿಸುತ್ತಿದ್ದರೆ ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಇನ್ನೊಂದು, ಟಿರ್ಜೆಪಟೈಡ್ ಶುರು ಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಗರ್ಭನಿರೋಧಕ ಗುಳಿಗೆಯನ್ನೇ ನಂಬಿಕೊಂಡಿರುವ ಹಾಗಿಲ್ಲ, ಬೇರೆ ವಿಧಾನವೂ ಬೇಕು. ಎಳೆಯ ಹೆಣ್ಣುಮಕ್ಕಳು ಆನ್‌ಲೈನ್‌ನಲ್ಲಿ ಸೂಜಿ ತರಿಸಿಕೊಳ್ಳುತ್ತಿದ್ದಾರೆ, ಈ ಒಂದು ಮಾತು ಅವರ ಕಿವಿಗೆ ಬೀಳಲೇಬೇಕು.

ಮೊದಲು ಯಾವ ಪರೀಕ್ಷೆ ಮಾಡಿಸಬೇಕು?

ನನಗೆ ಮಾಡಿಸಿದ್ದು: ಮೂರು ತಿಂಗಳ ಶುಗರ್ ಲೆಕ್ಕ ಅಂದರೆ ಎಚ್‌ಬಿಎ1ಸಿ, ಕಿಡ್ನಿ, ಲಿವರ್, ಕೊಲೆಸ್ಟ್ರಾಲ್, ಥೈರಾಯ್ಡ್, ಬಿ12, ಹೊಟ್ಟೆಯ ಸ್ಕ್ಯಾನಿಂಗ್. ಶುಗರ್ ಇರುವವರಿಗೆ ಕಣ್ಣಿನ ಪರದೆಯ ಪರೀಕ್ಷೆಯೂ ಬೇಕು, ಶುಗರ್ ಬೇಗ ಇಳಿದಾಗ ಕಣ್ಣಿನ ತೊಂದರೆ ಕೆಲವರಿಗೆ ಹೆಚ್ಚಾಗುತ್ತದೆ. ಇದೆಲ್ಲ ನಿಮ್ಮ ಊರಿನಲ್ಲೇ, ತಪ್ಪಿದರೆ ಪಕ್ಕದ ತಾಲೂಕಿನಲ್ಲೇ ಆಗುತ್ತದೆ.

ಖರ್ಚು ಎಷ್ಟು? ವಿಮೆ ಸಿಗುತ್ತದಾ?

ಖರ್ಚು ಜಾಸ್ತಿ, ಇದನ್ನು ಮುಚ್ಚಿಡುವುದಿಲ್ಲ. ಮೌಂಜಾರೊ ಬಂದಾಗ 2.5 ಮಿಲಿಗ್ರಾಂನ ಒಂದು ಬಾಟಲಿಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375. ಅದು ಒಂದು ವಾರಕ್ಕೆ. ವೆಗೋವಿ ಶುರುವಿನಲ್ಲಿ ತಿಂಗಳಿಗೆ 17,345 ಇತ್ತು, 2025ರ ನವೆಂಬರ್‌ನಲ್ಲಿ ಶುರುವಿನ ಡೋಸ್‌ಗೆ 10,850ಕ್ಕೆ ಇಳಿಸಿದರು. ಸೆಮಾಗ್ಲುಟೈಡ್‌ನ ಪೇಟೆಂಟ್ ನಮ್ಮ ದೇಶದಲ್ಲಿ ಇದ್ದದ್ದು 2026ರ ಮಾರ್ಚ್‌ವರೆಗೆ, ಆಮೇಲೆ ಬೇರೆ ಕಂಪನಿಗಳೂ ತಯಾರಿಸಬಹುದು. ಹಾಗಾಗಿ ಕೊಳ್ಳುವ ದಿನ ಅಂಗಡಿಯಲ್ಲಿ ಬೆಲೆ ಕೇಳಿ, ಹಳೆಯ ಅಂಕಿ ನಂಬಬೇಡಿ. ಪ್ರೋಗ್ರಾಮಿನ ಫೀಸಿನಲ್ಲಿ ಔಷಧಿ ಸೇರಿದೆಯಾ ಅಂತಲೂ ಕೇಳಿ. ನನಗೆ ಸೇರಿರಲಿಲ್ಲ, ಅದು ಗೊತ್ತಾದದ್ದು ದುಡ್ಡು ಕಟ್ಟಿದ ಮೇಲೆ.

ವಿಮೆಯನ್ನು ನಂಬಿಕೊಂಡು ಶುರು ಮಾಡಬೇಡಿ. ತೂಕ ಇಳಿಸುವ ಚಿಕಿತ್ಸೆಯನ್ನು ಸಾಮಾನ್ಯವಾಗಿ ಪಾಲಿಸಿಯಿಂದ ಹೊರಗಿಟ್ಟಿರುತ್ತಾರೆ. ತೂಕ ಇಳಿಸಲು ಹೊಟ್ಟೆಗೆ ಮಾಡುವ ಬೇರಿಯಾಟ್ರಿಕ್ ಆಪರೇಷನ್‌ಗೆ ಮಾತ್ರ ದಾರಿ ಇದೆ: ಡಾಕ್ಟರ ಸಲಹೆ ಇರಬೇಕು, 18 ತುಂಬಿರಬೇಕು, ಬಿ.ಎಂ.ಐ. 40 ದಾಟಿರಬೇಕು, ಇಲ್ಲವೇ 35 ದಾಟಿ ಜೊತೆಗೆ ಹೃದಯದ ಕಾಯಿಲೆ, ಹತೋಟಿಗೆ ಬಾರದ ಶುಗರ್‌ನಂಥ ದೊಡ್ಡ ತೊಂದರೆ ಇರಬೇಕು. ತೂಕ ಅಷ್ಟಿರುವವರು ಈ ಆಪರೇಷನ್ ಬಗ್ಗೆಯೂ ಡಾಕ್ಟರ ಹತ್ತಿರ ಮಾತಾಡಿ.

ಇನ್ನು ದುಡ್ಡಿಲ್ಲದವರು ಏನು ಮಾಡಬೇಕು ಅಂತ ಕೇಳಿದರೆ, ಸರ್ಕಾರದ ಆನ್‌ಲೈನ್ ಡಾಕ್ಟರ ಸೇವೆ ಇ-ಸಂಜೀವನಿಯಲ್ಲಿ ಸಲಹೆ ಉಚಿತ. ಸೂಜಿ ಅಲ್ಲಿ ಸಿಗುವುದಿಲ್ಲ, ಆದರೆ ಶುಗರ್, ಬಿ.ಪಿ. ನೋಡಿ ದಾರಿ ಹೇಳುತ್ತಾರೆ. ಸಾಲ ಮಾಡಿ ಸೂಜಿ ತೆಗೆದುಕೊಳ್ಳಬೇಡಿ. ಅರ್ಧಕ್ಕೆ ನಿಲ್ಲಿಸಬೇಕಾದರೆ ದುಡ್ಡೂ ಹೋಯಿತು, ತೂಕವೂ ಬಂತು.

ನಿಲ್ಲಿಸಿದರೆ ತೂಕ ವಾಪಸ್ ಬರುತ್ತದಾ?

ಹೆಚ್ಚಿನವರಿಗೆ ಬರುತ್ತದೆ. ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ ಇದ್ದವರನ್ನು ನಿಲ್ಲಿಸಿದ ಮೇಲೂ ಒಂದು ವರ್ಷ ನೋಡಿದರು, ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಬಿ.ಪಿ. ಗುಳಿಗೆ ನಿಲ್ಲಿಸಿದರೆ ಬಿ.ಪಿ. ಏರುವುದಿಲ್ಲವೇ, ಹಾಗೇ. ಬೊಜ್ಜು ಕಾಯಿಲೆ, ಬರೀ ಬಾಯಿಚಪಲ ಅಲ್ಲ. ಇಪ್ಪತ್ತು ವರ್ಷ ನನಗೆ "ಕಡಿಮೆ ತಿನ್ನಬಾರದಾ" ಅಂತ ಹೇಳಿದವರೆಲ್ಲ ನನಗಿಂತ ಜಾಸ್ತಿ ತಿನ್ನುತ್ತಿದ್ದರು, ನಾನು ಕಣ್ಣಾರೆ ನೋಡಿದ್ದೇನೆ. ಸೂಜಿ ಶುರು ಮಾಡಿದ ಮೂರನೇ ವಾರ ಮೊದಲ ಬಾರಿಗೆ ತಲೆಯೊಳಗೆ ಊಟದ ಯೋಚನೆ ನಿಂತಿತು. ಬೇರೆಯವರಿಗೆ ಯಾವಾಗಲೂ ಹೀಗೇ ಇರುತ್ತದಾ ಅಂತ ಅವತ್ತು ಅತ್ತಿದ್ದೆ.

ಊಟ ಹೇಗೆ? ಅನ್ನ ಬಿಡಬೇಕಾ?

ನಾನು ಬಿಟ್ಟಿಲ್ಲ. ಕಡಿಮೆ ಮಾಡಿದ್ದೇನೆ, ಕ್ರಮ ಬದಲಾಯಿಸಿದ್ದೇನೆ. ಹಸಿವೇ ಇಲ್ಲದಾಗ ತಟ್ಟೆಯಲ್ಲಿ ಇರುವ ಸ್ವಲ್ಪ ಜಾಗವನ್ನು ಅನ್ನ ಸಾರಿಗೇ ಕೊಟ್ಟರೆ ಪ್ರೋಟೀನ್ ಹೋಗುವುದಿಲ್ಲ, ಮಾಂಸಖಂಡ ಕರಗುತ್ತದೆ, ಕೂದಲೂ ಉದುರುತ್ತದೆ. ಮೊದಲು ಮೀನು, ಆಮೇಲೆ ಪಲ್ಯ, ಕೊನೆಗೆ ಒಂದು ಸೌಟು ಕುಚ್ಚಲಕ್ಕಿ ಅನ್ನ. ಬಂಗಡೆ, ತಾರ್ಲಿ, ಶೆಟ್ಲಿ ಎಲ್ಲ ಒಳ್ಳೆಯದು, ಹುರಿಯುವ ಬದಲು ಪಳದಿಯೋ ಬೇಯಿಸಿದ್ದೋ ಆಗಲಿ. ಮೀನು ತಿನ್ನದ ಘಟ್ಟದ ಮೇಲಿನವರಿಗೆ ಇದು ಸ್ವಲ್ಪ ಕಷ್ಟ. ತಂಬುಳಿ ಹೊಟ್ಟೆಗೆ ತಂಪು, ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ. ಮೊಳಕೆ ಹೆಸರುಕಾಳು, ಅಲಸಂದೆ, ಗಟ್ಟಿ ಮೊಸರು, ಪನೀರ್, ಸೋಯಾ ಇವನ್ನು ಲೆಕ್ಕ ಇಟ್ಟು ತಿನ್ನಬೇಕು. ಹಲಸಿನ ಕಾಲದಲ್ಲಿ ಚಿಪ್ಸ್ ಡಬ್ಬಿ ಕೈಗೆ ಸಿಗದ ಕಡೆ ಇಡಿ.

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಒತ್ತಾಯ ಮಾಡಿ ಬಡಿಸುತ್ತಾರೆ. ನಾನು ಹೋಳಿಗೆ ಅರ್ಧ ಹಾಕಿಸಿಕೊಳ್ಳುತ್ತೇನೆ. "ಹೊಟ್ಟೆ ಸರಿ ಇಲ್ಲ" ಅಂದರೆ ಯಾರೂ ಮುಂದೆ ಮಾತಾಡುವುದಿಲ್ಲ.

ವ್ಯಾಯಾಮದಲ್ಲಿ ನಡಿಗೆ ಸಾಲದು, ಭಾರ ಎತ್ತುವ ಕೆಲಸವೂ ಬೇಕು. ಜಿಮ್ ಇಲ್ಲದಿದ್ದರೆ ಬಾವಿಯಿಂದ ನೀರು ಸೇದಿ. ನಾನು ಮೋಟಾರ್ ಇದ್ದರೂ ದಿನಾ ಇಪ್ಪತ್ತು ಕೊಡ ಸೇದುತ್ತೇನೆ.

ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಔಷಧಿ ಹಾಳಾಗುತ್ತದಾ?

ನಮ್ಮ ಜಿಲ್ಲೆಯವರು ಮಾತ್ರ ಕೇಳುವ ಪ್ರಶ್ನೆ, ಬಹಳ ಒಳ್ಳೆಯ ಪ್ರಶ್ನೆ. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಅಂದರೆ ಫ್ರಿಜ್ಜಿನ ಕೆಳಭಾಗ, ಫ್ರೀಜರ್ ಅಲ್ಲ. ಒಂದು ಸಲ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ, ಎಸೆಯಬೇಕು. ಹೊರಗೆ 30 ಡಿಗ್ರಿಗಿಂತ ಕಡಿಮೆ ಇದ್ದರೆ ಕೆಲವು ವಾರ ತಡೆಯುತ್ತದೆ, ಎಷ್ಟು ದಿನ ಅಂತ ಒಳಗಿನ ಹಾಳೆಯಲ್ಲಿ ಇರುತ್ತದೆ, ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಅಷ್ಟು ಚಿಂತೆ ಬೇಡ, ಹೊರಗೇ ತಂಪು. ಮೇ ತಿಂಗಳಲ್ಲಿ ಹೋದರೆ ಚಿಂತೆ ಮಾಡಿ. ಮಣ್ಣಿನ ಮಡಕೆಗಿಂತ ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕ್ ಒಳ್ಳೆಯದು, ಐಸ್ ನೇರ ತಾಗದ ಹಾಗೆ ಬಟ್ಟೆ ಸುತ್ತಿ.

ಮಳೆಗಾಲದಲ್ಲಿ ಕೊರಿಯರ್ ನಂಬಬೇಡಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಬಂದ್ ಆಯಿತು ಅಂತ ಎಲ್ಲರಿಗೂ ನೆನಪಿದೆ. ಸೂಜಿಯ ಪಾರ್ಸೆಲ್ ಯಾವುದೋ ಗೋಡೌನಿನಲ್ಲಿ ಬಿಸಿಯಾಗಿ ಕೂತಿದ್ದರೆ ನೋಡಿದರೆ ಗೊತ್ತಾಗುವುದಿಲ್ಲ. ಫ್ರಿಜ್ ಇಟ್ಟಿರುವ, ಬಿಲ್ ಕೊಡುವ ಪರಿಚಯದ ಔಷಧಿ ಅಂಗಡಿಯಿಂದ ತರಿಸಿಕೊಳ್ಳಿ. ನಾನು ಹುಬ್ಬಳ್ಳಿಯಿಂದ ಡಬ್ಬಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬರುತ್ತೇನೆ.

ಇನ್‌ಸ್ಟಾದಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ತೆಗೆದುಕೊಳ್ಳಲಾ?

ಬೇಡ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ 2024ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಚೀಟಿ ಕೇಳದೆ ಮಾರುವವರ ಹತ್ತಿರ ಏನನ್ನೂ ಕೊಳ್ಳಬೇಡಿ. ಬೊಜ್ಜು ಗುಣ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದೇ 1954ರ ಕಾನೂನಿನ ಪ್ರಕಾರ ತಪ್ಪು.

ಹರ್ಬಲ್ ಪುಡಿ, ಟೀ?

ಸಣ್ಣಗಾಗಿಸುವ "ಹರ್ಬಲ್" ಪುಡಿಗಳಲ್ಲಿ ಸಿಬುಟ್ರಮೈನ್ ಕದ್ದು ಬೆರೆಸಿದ್ದು ಅನೇಕ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಕ್ಕೆ ಅಪಾಯ ಅಂತ ನಮ್ಮ ಸರ್ಕಾರ 2011ರಲ್ಲೇ ನಿಷೇಧಿಸಿದ ಔಷಧಿ ಅದು. ಮನೆಯ ಕಷಾಯ ಕುಡಿಯಿರಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ತೂಕ ಇಳಿಯುವುದಿಲ್ಲ.

ನಿಮ್ಮ ಡಾಕ್ಟರ ನಂಬರ್ ಕೊಡ್ತೀರಾ?

ಎದುರಿಗೆ ಸಿಕ್ಕಾಗ ಕೇಳಿ, ಹೇಳುತ್ತೇನೆ. ಇಲ್ಲಿ ಬರೆಯುವುದಿಲ್ಲ. ಎಂಡೋಕ್ರಿನಾಲಜಿಸ್ಟ್ (ಹಾರ್ಮೋನಿನ ಡಾಕ್ಟರು) ಅಥವಾ ಎಂ.ಡಿ. ಮೆಡಿಸಿನ್ ಮಾಡಿದ ಯಾರಾದರೂ ಸರಿ. ಹೋಗುವಾಗ ಹಳೆಯ ರಿಪೋರ್ಟ್ ಒಯ್ಯಿರಿ, ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತು ಅಂತ ಅಮ್ಮನನ್ನೋ ದೊಡ್ಡಮ್ಮನನ್ನೋ ಕೇಳಿಕೊಂಡು ಹೋಗಿ. ಈಗ ನುಂಗುತ್ತಿರುವ ಗುಳಿಗೆಯ ಹೆಸರನ್ನು ಬಾಯಲ್ಲಿ ಹೇಳಲು ಹೋಗಬೇಡಿ, ಚೀಟಿಯಲ್ಲೂ ಬರೆದುಕೊಳ್ಳಬೇಡಿ. ಗುಳಿಗೆಯ ಪಾಕೀಟನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಅವರ ಮೇಜಿನ ಮೇಲೆ ಇಡಿ. ವಿಡಿಯೊ ಆದರೆ ಕ್ಯಾಮೆರಾಗೆ ಹಿಡಿಯಿರಿ, ಅವರು ಹೆಸರು ಗಟ್ಟಿಯಾಗಿ ಓದುವವರೆಗೆ.